ವಿದ್ಯಾರ್ಥಿನಿಯರ ತಂತ್ರಾಂಶವೂ ಬಳಸುವವರ ಮಾತೂ

ಅಡಿಗೆ ಮಾಡಿದವಳು ಒಲೆಯ ಹೊಗೆಯಲ್ಲಿ ನಿಂತು ನಿಂತು ತನ್ನ ಸಾರಿನ ರುಚಿಯನ್ನು ತಾನೇ ಅರಿಯದವಳಾಗುವಳು. ಉಪ್ಪು ಹೆಚ್ಚಿತೋ ಕಡಿಮೆಯಾಯಿತೋ ಎಂಬದನ್ನು ಎಲೆಯ ಮುಂದೆ ಕುಳಿತವನೇ ಹೇಳಬಲ್ಲನು. ಈ ಮಾತು ಅಡಿಗೆಮನೆಗೆ ಮಾತ್ರವಲ್ಲ, ಮನುಷ್ಯನು ಮತ್ತೊಬ್ಬರ ಉಪಯೋಗಕ್ಕಾಗಿ ಮಾಡುವ ಸಕಲ ವಸ್ತುಗಳಿಗೂ ಸಲ್ಲತಕ್ಕದ್ದಾಗಿದೆ. ಈಗಿನ ಕಾಲದಲ್ಲಿ ನಮ್ಮ ಪ್ರೌಢಶಾಲೆಗಳ ಹುಡುಗಿಯರು ಗಣಕಯಂತ್ರಕ್ಕೂ ಮೊಬೈಲಿಗೂ ಬೇಕಾದ ತಂತ್ರಾಂಶಗಳನ್ನು ತಾವೇ ರಚಿಸಲು ಕಲಿಯುತ್ತಿರುವರು. ೨೦೧೬ರಿಂದ ದೇಶದಲ್ಲಿ ಆರಂಭವಾದ ಅಟಲ್ ಪ್ರಯೋಗಶಾಲೆಗಳೂ, ತುಂಡುಗಳನ್ನು ಜೋಡಿಸಿದಂತೆ ಆಜ್ಞೆಗಳನ್ನು ಜೋಡಿಸಿ ಆ್ಯಪು ಮಾಡಲು ಅನುಕೂಲವಾದ 'ಆ್ಯಪ್ ಇನ್ವೆಂಟರ್' ಮೊದಲಾದ ಸಾಧನಗಳೂ ಈ ಕೆಲಸವನ್ನು ಬಹಳ ಸುಲಭಗೊಳಿಸಿವೆ. ಆದರೆ ರಚಿಸುವದು ಸುಲಭವಾದಷ್ಟಕ್ಕೆ ತಿದ್ದುವದು ಸುಲಭವಾಗಲಿಲ್ಲ. ಆದಕಾರಣ ಒಂದು ತಂತ್ರಾಂಶದ ಮೊದಲ ಮಾದರಿಯನ್ನು ಬಳಸುವವರ ಕೈಗೆ ಕೊಟ್ಟು, ಅವರಿಂದ ಕಲಿತು, ಅದನ್ನು ಸುಧಾರಿಸುವ ಕ್ರಮವೇನೆಂಬದನ್ನು ನಮ್ಮ ಸ್ವಂತ ಅನುಭವದ ಆಧಾರದಿಂದ ಇಲ್ಲಿ ವಿವರಿಸಲು ಪ್ರಯತ್ನಿಸುವೆವು.

೧. ಕೆಲಸದ ಹಿನ್ನೆಲೆ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಅಡಿಕೆಯ ತೋಟವಿಲ್ಲದ ಗ್ರಾಮವನ್ನು ಹುಡುಕುವದು ಕಷ್ಟ. ಮಳೆಗಾಲದಲ್ಲಿ ಈ ತೋಟಗಳಿಗೆ ಬರುವ ದೊಡ್ಡ ಕಂಟಕವೇ ಕೊಳೆರೋಗ. ನಮ್ಮ ಕಡೆಯಲ್ಲಿ ಇದನ್ನು ಮಹಾಳಿ ಎಂದೂ ಕರೆಯುವರು. ಎಡೆಬಿಡದೆ ಸುರಿಯುವ ಮಳೆ, ಮಧ್ಯೆ ಮಧ್ಯೆ ಬಿಸಿಲು, ಹವೆಯಲ್ಲಿ ತೇವ, ಇವುಗಳು ಕೂಡಿದಾಗ ಫೈಟೋಫ್ತೋರಾ ಎಂಬ ಸೂಕ್ಷ್ಮಜೀವಿಯು ಎಳೆಯ ಕಾಯಿಗಳ ಮೇಲೆ ಹಬ್ಬಿ, ಅವು ಬಣ್ಣಗೆಟ್ಟು ಕೊಳೆತು ಮರದ ಬುಡಕ್ಕೆ ಉದುರುವವು. ವರ್ಷದ ಫಸಲು ಕೆಲವೇ ವಾರಗಳಲ್ಲಿ ನೆಲದ ಪಾಲಾಗುವದುಂಟು. ಅಂಥ ವರ್ಷದಲ್ಲಿ ಮನೆಯ ಮಗಳ ಶಾಲೆಯ ಫೀಸಿಗೂ ತೊಂದರೆ ಬರುವದೆಂಬದನ್ನು ನಾವು ಅಧ್ಯಾಪಿಕೆಯರು ಚೆನ್ನಾಗಿ ಬಲ್ಲೆವು.

ಈ ರೋಗಕ್ಕೆ ಬಹುಕಾಲದಿಂದ ಉಪಯೋಗದಲ್ಲಿರುವ ಮದ್ದು ಬೋರ್ಡೋ ದ್ರಾವಣ. ಅದರ ಹುಟ್ಟಿನ ಕಥೆಯೇ ನಮ್ಮ ವಿಷಯಕ್ಕೆ ಒಂದು ಪಾಠವಾಗಿದೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವರು ದಾರಿಹೋಕರು ಹಣ್ಣು ಕದಿಯದಂತೆ ದಾರಿಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀರನ್ನು ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲಲಿಲ್ಲವೆಂಬದನ್ನು ೧೮೮೨ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಕಣ್ಣಾರೆ ಕಂಡು, ಪ್ರಯೋಗಗಳನ್ನು ನಡಿಸಿ, ೧೮೮೫ರಲ್ಲಿ ಪ್ರಕಟಿಸಿದನು. ಬೆಳೆಗಾರನು ಏನು ಹೇಳಿದನೆಂಬದಕ್ಕಿಂತ ಏನು ಮಾಡುತ್ತಿದ್ದನೆಂಬದನ್ನು ನೋಡಿದ್ದರಿಂದಲೇ ಈ ಮದ್ದು ಲೋಕಕ್ಕೆ ಲಭಿಸಿತು. ಮುಂದೆ ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಕೊಳೆರೋಗವನ್ನು ಅಭ್ಯಾಸಮಾಡಿ, ೧೯೧೦ರಲ್ಲಿ ಆ ವಿಷಯವಾಗಿ ಗ್ರಂಥವನ್ನು ಹೊರಡಿಸಿ, ಅಡಿಕೆಗೆ ಇದೇ ದ್ರಾವಣವು ತಕ್ಕದ್ದೆಂದು ತೋರಿಸಿದನು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವದೇ ರೂಢಿಯಾಗಿದ್ದಿತು.

ದ್ರಾವಣದ ಪ್ರಮಾಣವು ಸರಳವಾದದ್ದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು ೫೦ ಲೀಟರ್ ನೀರಿನಲ್ಲಿಯೂ ಸುಣ್ಣವನ್ನು ಬೇರೆ ೫೦ ಲೀಟರ್ ನೀರಿನಲ್ಲಿಯೂ ಕದಡಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ತಿರುವುತ್ತಾ ಹೊಯ್ಯಬೇಕು. ಮಳೆಗಾಲ ಹಿಡಿಯುವ ಮುಂಚೆ ಒಂದಾವರ್ತಿ, ಅನಂತರ ೪೦ರಿಂದ ೪೫ ದಿವಸಗಳಾದ ಮೇಲೆ ಇನ್ನೊಂದಾವರ್ತಿ ಸಿಂಪಡಿಸುವದು ಪದ್ಧತಿ.

ನಮ್ಮ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಈ ಲೆಕ್ಕವನ್ನು ಮೊಬೈಲಿನಲ್ಲಿ ಮಾಡಿಕೊಡುವ ಒಂದು ಚಿಕ್ಕ ತಂತ್ರಾಂಶವನ್ನು ರಚಿಸಿ ಅದಕ್ಕೆ 'ಮದ್ದಿನ ಲೆಕ್ಕ' ಎಂದು ಹೆಸರಿಟ್ಟರು. ನೀರು ಎಷ್ಟೆಂದು ತಿಳಿಸಿದರೆ ಮೈಲುತುತ್ತೂ ಸುಣ್ಣವೂ ಎಷ್ಟೆಷ್ಟು ಬೇಕೆಂದು ಅದು ಹೇಳುವದು. ಸಿಂಪಡಿಸಿದ ದಿವಸವನ್ನು ಗುರುತಿಸಿಟ್ಟು ಮುಂದಿನ ಸಿಂಪಡಣೆಯ ಸಮಯವನ್ನು ಜ್ಞಾಪಿಸುವದು. ತರಗತಿಯಲ್ಲಿ ಅದನ್ನು ನೋಡಿದ ನಾವು ಗುಣಾಕಾರವನ್ನೆಲ್ಲಾ ಪರೀಕ್ಷಿಸಿ, ಒಂದೂ ತಪ್ಪಿಲ್ಲವೆಂದು ಕಂಡು, ಪೂರ್ಣ ಅಂಕಗಳನ್ನು ಕೊಟ್ಟೆವು. ಆ ಅಂಕಗಳನ್ನು ಅಷ್ಟು ಬೇಗನೆ ಕೊಡಬಾರದಾಗಿತ್ತೆಂದು ನಮಗೆ ತಿಳಿದದ್ದು ತರುವಾಯವೇ.

೨. ಪರೀಕ್ಷೆಯ ಕ್ರಮ

ಮಾದರಿಯೆಂದರೆ ಪೂರ್ಣವಾಗದ, ಆದರೆ ಕೈಯಲ್ಲಿ ಹಿಡಿದು ನೋಡಬಹುದಾದ ಮೊದಲ ರೂಪ. ಅದು ತಿದ್ದಿಸಿಕೊಳ್ಳುವದಕ್ಕಾಗಿಯೇ ಹುಟ್ಟಿದ್ದು. ೧೯೮೫ರಲ್ಲಿ ಜಾನ್ ಗೂಲ್ಡ್ ಮತ್ತು ಕ್ಲೇಟನ್ ಲೂಯಿಸ್ ಎಂಬ ಇಬ್ಬರು ಶೋಧಕರು ಈ ವಿಷಯದಲ್ಲಿ ಮೂರು ಸೂತ್ರಗಳನ್ನು ಬರೆದಿಟ್ಟರು. ಬಳಸತಕ್ಕವರನ್ನು ಆರಂಭದಿಂದಲೇ ಅರಿತುಕೊಳ್ಳುವದು ಮೊದಲನೆಯದು. ಅವರು ನಿಜವಾಗಿ ಬಳಸುವಾಗ ಏನಾಗುವದೆಂದು ಅಳೆದು ನೋಡುವದು ಎರಡನೆಯದು. ತಿದ್ದಿ ಪುನಃ ಪರೀಕ್ಷಿಸಿ ಪುನಃ ತಿದ್ದುವದು ಮೂರನೆಯದು. ಕೇಳುವದಕ್ಕೆ ಇವು ಎಲ್ಲರೂ ಬಲ್ಲ ಮಾತುಗಳಂತೆ ತೋರುವವು. ಆದರೆ ತಂತ್ರಾಂಶ ರಚಿಸುವವರನ್ನು ಆ ಶೋಧಕರು ವಿಚಾರಿಸಿದಾಗ, ಈ ಮೂರನ್ನೂ ತಾವಾಗಿ ಹೇಳಿದವರು ಕಡಿಮೆ ಮಂದಿಯಾಗಿದ್ದರು.

ನಮ್ಮ ಹುಡುಗಿಯರು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ನೆರೆಹೊರೆಯವರಿಗೂ ಬಂಧುಗಳಿಗೂ ಮೊಬೈಲನ್ನು ತೋರಿಸಿ, "ಹೇಗುಂಟು?" ಎಂದು ಕೇಳಿದರು. "ಭಾರೀ ಲಾಯ್ಕುಂಟು ಮಗಾ" ಎಂಬ ಉತ್ತರವನ್ನು ಎಲ್ಲರೂ ಕೊಟ್ಟರು. ಮಗುವಿನ ಮನಸ್ಸನ್ನು ನೋಯಿಸಬಾರದೆಂಬ ಪ್ರೀತಿಯಿಂದ ಬಂದ ಆ ಮಾತಿನಲ್ಲಿ ತಂತ್ರಾಂಶದ ಗುಣದೋಷಗಳ ಸುದ್ದಿ ಒಂದೂ ಇರಲಿಲ್ಲ. ಆದುದರಿಂದ ನಾವು ಕ್ರಮವನ್ನು ಬದಲಿಸಿದೆವು. ಅಭಿಪ್ರಾಯ ಕೇಳುವದನ್ನು ಬಿಟ್ಟು ಕೆಲಸ ಕೊಡುವದೆಂದು ನಿಶ್ಚಯಿಸಿದೆವು. "ನಾಳೆ ಬೆಳಿಗ್ಗೆ ಎರಡು ಬ್ಯಾರೆಲ್ ಮದ್ದು ಕಲಸಬೇಕು, ಇದನ್ನು ನೋಡಿ ಎಷ್ಟೆಷ್ಟು ತೂಗುವಿರಿ?" ಎಂದಷ್ಟೇ ಹೇಳಿ, ಮೊಬೈಲನ್ನು ಅವರ ಕೈಗಿತ್ತು, ಹುಡುಗಿಯರು ಸುಮ್ಮನಿರಬೇಕು. ಬಳಸುವವರು ಮನಸ್ಸಿನಲ್ಲಿ ಅಂದುಕೊಳ್ಳುವದನ್ನೆಲ್ಲಾ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು. ಹೀಗೆ ಗಟ್ಟಿಯಾಗಿ ಯೋಚಿಸುವ ಪದ್ಧತಿಯನ್ನು ತಂತ್ರಾಂಶಗಳ ಪರೀಕ್ಷೆಗೆ ತಂದವನು ಮೇಲೆ ಹೇಳಿದ ಲೂಯಿಸನೇ. ಅದು ೧೯೮೨ರ ಮಾತು. ಒಬ್ಬಳು ಮಾತುಗಳನ್ನು ಬರೆದುಕೊಳ್ಳಬೇಕು. ಇನ್ನೊಬ್ಬಳು ಬೆರಳು ಎಲ್ಲಿ ನಿಂತಿತು, ಎಲ್ಲಿ ತಡವರಿಸಿತು ಎಂಬದನ್ನು ನೋಡಬೇಕು. ಸಹಾಯ ಮಾಡಬಾರದು. "ಅಲ್ಲಿ ಒತ್ತಿ ಮಾವ" ಎಂದು ಹೇಳಿದ ಕ್ಷಣದಲ್ಲಿಯೇ ಪರೀಕ್ಷೆಯು ಕೆಟ್ಟುಹೋಗುವದು. ಪರೀಕ್ಷೆಯು ತಂತ್ರಾಂಶದ್ದು, ಬಳಸುವವರದ್ದಲ್ಲವೆಂಬದನ್ನು ಮೊದಲೇ ತಿಳಿಸಿ ಅವರ ಒಪ್ಪಿಗೆಯನ್ನು ಪಡೆಯತಕ್ಕದ್ದು. ಅವರ ಹೆಸರನ್ನು ಪುಸ್ತಕದಲ್ಲಿ ಬರೆಯದೆ ಗುರುತಿಗೆ ಒಂದು ಸಂಖ್ಯೆಯನ್ನು ಮಾತ್ರ ಹಾಕತಕ್ಕದ್ದು.

೩. ಎರಡು ಬ್ಯಾರೆಲಿನ ಕಥೆ

ಮೊದಲನೆಯವರು ಸುಳ್ಯದ ಕಡೆಯ ಒಬ್ಬ ವೃದ್ಧ ಕೃಷಿಕರು. ಕನ್ನಡಕವನ್ನು ಸರಿಮಾಡಿಕೊಂಡು, 'ನೀರಿನ ಪ್ರಮಾಣ' ಎಂದಿದ್ದ ಚೌಕದಲ್ಲಿ ೨ ಎಂಬ ಅಂಕೆಯನ್ನು ಒತ್ತಿದರು. ಎರಡು ಬ್ಯಾರೆಲ್ ಎಂಬದು ಅವರ ಮನಸ್ಸಿನಲ್ಲಿದ್ದದ್ದು. ತಂತ್ರಾಂಶವು ಅದನ್ನು ಎರಡು ಲೀಟರ್ ಎಂದು ತಿಳಿದು, ಮೈಲುತುತ್ತು ೨೦ ಗ್ರಾಂ, ಸುಣ್ಣ ೨೦ ಗ್ರಾಂ ಎಂದು ಉತ್ತರ ಕೊಟ್ಟಿತು. ವೃದ್ಧರು ನಕ್ಕು, "ಇದು ಅಡಿಕೆ ಮರಕ್ಕೋ ಮಲ್ಲಿಗೆ ಗಿಡಕ್ಕೋ?" ಎಂದರು. ನಮಗೂ ನಗು ಬಂದಿತು. ಆ ದಿವಸ ಪುಸ್ತಕದಲ್ಲಿ ಅದನ್ನು ಚಿಕ್ಕ ದೋಷವೆಂದು ಬರೆದುಕೊಂಡೆವು.

ಎರಡನೆಯವಳು ಪುತ್ತೂರಿನ ಹತ್ತಿರದ ಒಬ್ಬ ಯುವತಿ. ತಂದೆಯು ಹಾಸಿಗೆ ಹಿಡಿದಿದ್ದುದರಿಂದ ಆ ವರ್ಷ ತೋಟದ ಭಾರವು ಮೊದಲ ಬಾರಿಗೆ ಅವಳ ಮೇಲೆ ಬಿದ್ದಿತ್ತು. ಅವಳೂ ೨ ಎಂದೇ ಒತ್ತಿದಳು. ೨೦ ಗ್ರಾಂ ಎಂಬ ಉತ್ತರವನ್ನು ಎರಡು ಸಲ ಓದಿ, ನಗಲಿಲ್ಲ. ಒಳಗಿನಿಂದ ಅಡಿಗೆಮನೆಯ ಚಿಕ್ಕ ತಕ್ಕಡಿಯನ್ನು ತರಲು ಎದ್ದಳು. ಇನ್ನೂರು ಲೀಟರಿನ ಎರಡು ಬ್ಯಾರೆಲಿಗೆ ಬೇಕಾದದ್ದು ನಾಲ್ಕು ಕಿಲೋ. ಅವಳು ಆ ಉತ್ತರವನ್ನು ನಂಬಿದ್ದರೆ, ಮದ್ದು ಹೊಡೆಯುವವರ ಕೂಲಿಯನ್ನು ಕೊಟ್ಟು, ತೋಟಕ್ಕೆಲ್ಲಾ ಬರಿಯ ನೀರನ್ನು ಸಿಂಪಡಿಸಿ, ಕೆಲಸವಾಯಿತೆಂದು ನೆಮ್ಮದಿಯಿಂದ ಮಲಗುತ್ತಿದ್ದಳು. ಆಷಾಢದ ಮಳೆಯಲ್ಲಿ ಕಾಯಿಗಳು ಉದುರಿದ ಮೇಲೆ ಕಾರಣವನ್ನು ಯಾರು ಹುಡುಕಬಲ್ಲರು? ನಾವು ಕೂಡಲೇ ಪರೀಕ್ಷೆಯನ್ನು ನಿಲ್ಲಿಸಿ ಸರಿಯಾದ ಪ್ರಮಾಣವನ್ನು ತಿಳಿಸಿದೆವು. ಸುಮ್ಮನಿರತಕ್ಕದ್ದೆಂಬ ನಿಯಮಕ್ಕೆ ಇದೊಂದು ಅಪವಾದವುಂಟು: ಬಳಸುವವರಿಗೆ ಹಾನಿಯಾಗುವ ಸಂಭವವಿದ್ದಲ್ಲಿ ಸುಮ್ಮನಿರುವದು ಅಪರಾಧವು.

ಹಿಂದಿರುಗುವ ದಾರಿಯಲ್ಲಿ ತಂತ್ರಾಂಶದ ಆ ಭಾಗವನ್ನು ರಚಿಸಿದ ಹುಡುಗಿಯು, "ಕೆಳಗೆ ಲೀಟರ್ ಎಂದು ಬರೆದಿದ್ದೇನಲ್ಲ ಟೀಚರ್, ಓದಬೇಡವೇ?" ಎಂದಳು. ಅವಳ ಸಂಕಟವು ನಮಗೆ ಅರ್ಥವಾಯಿತು. ಬರೆದಿದ್ದುದು ನಿಜವೇ, ಚಿಕ್ಕ ಅಕ್ಷರದಲ್ಲಿ, ಚೌಕದ ಕೆಳಗೆ, ಹೆಬ್ಬೆರಳು ಮುಚ್ಚುವ ಜಾಗದಲ್ಲಿ ಬರೆದಿತ್ತು. ಆದರೆ ನಮ್ಮ ಊರಿನಲ್ಲಿ ಮದ್ದನ್ನು ಲೀಟರಿನಲ್ಲಿ ಎಣಿಸುವವರು ಯಾರು? ಬ್ಯಾರೆಲಿನಲ್ಲಿಯೇ ಎಣಿಸುವರು. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಸ್ಥಳದಲ್ಲಿ ಒಂದೇ ವಿಧವಾಗಿ ಎಡವಿದರೆ ದೋಷವು ಅವರ ಕಾಲಿನದ್ದಲ್ಲ, ಹೊಸ್ತಿಲಿನದ್ದು. ಈ ಮಾತನ್ನು ಅವಳಿಗೆ ಹೇಳುವಾಗ ನಾವು ಕೊಟ್ಟ ಪೂರ್ಣ ಅಂಕಗಳೂ ನಮ್ಮ ನೆನಪಿಗೆ ಬಾರದೆ ಇರಲಿಲ್ಲ. ಗುಣಾಕಾರವನ್ನು ಪರೀಕ್ಷಿಸಿದ ನಾವು ಪ್ರಶ್ನೆಯನ್ನು ಪರೀಕ್ಷಿಸಿರಲಿಲ್ಲ.

ಇನ್ನೊಂದು ಪಾಠವೂ ಇಲ್ಲಿ ಅಡಗಿದೆ. ವೃದ್ಧರು ತಪ್ಪನ್ನು ಹಿಡಿದದ್ದು ತಂತ್ರಾಂಶದ ಸಹಾಯದಿಂದಲ್ಲ, ತಮ್ಮ ಬಹುಕಾಲದ ಅನುಭವದಿಂದ. ಅಂಥವರನ್ನು ಮಾತ್ರ ಪರೀಕ್ಷೆಗೆ ಕರೆದಿದ್ದರೆ ಅಪಾಯವು ನಗೆಯ ಮಾತಾಗಿಯೇ ಉಳಿಯುತ್ತಿತ್ತು. ತಂತ್ರಾಂಶವು ಯಾರಿಗೆ ಅತ್ಯವಶ್ಯವೋ ಅವರೇ ಅದರ ತಪ್ಪನ್ನು ಹಿಡಿಯಲು ಅತ್ಯಂತ ಅಶಕ್ತರು. ಆದಕಾರಣ ಬಲ್ಲವರನ್ನೂ ಅರಿಯದವರನ್ನೂ ಎರಡೂ ವಿಧದವರನ್ನು ಕೇಳಬೇಕು. ಐವರನ್ನು ಪರೀಕ್ಷಿಸಿದರೆ ದೋಷಗಳಲ್ಲಿ ಹೆಚ್ಚಿನವು ಬೆಳಕಿಗೆ ಬರುವವೆಂದು ಯಾಕೋಬ್ ನೀಲ್ಸನ್ ಎಂಬ ಶೋಧಕನು ೨೦೦೦ದಲ್ಲಿ ಬರೆದ ಮಾತು ಪ್ರಸಿದ್ಧವಾಗಿದೆ. ಆದರೆ ಅದು ಒಂದೇ ವರ್ಗದ ಜನರಿಗೆ ಸಲ್ಲುವ ಲೆಕ್ಕ. ತೋಟದ ಯಜಮಾನರು ಒಂದು ವರ್ಗ, ಮದ್ದು ಹೊಡೆಯುವವರು ಇನ್ನೊಂದು ವರ್ಗ, ಮನೆಯಲ್ಲಿ ಲೆಕ್ಕ ಬರೆಯುವ ಹೆಂಗಸರು ಮತ್ತೊಂದು ವರ್ಗ.

೪. ಉಳಿದ ದೋಷಗಳು

ಕಡಬದ ಕಡೆಯ ಗುಡ್ಡದ ಬದಿಯ ಒಂದು ತೋಟದಲ್ಲಿ ಮದ್ದು ಹೊಡೆಯುವ ಒಬ್ಬರಿಗೆ ತಂತ್ರಾಂಶವನ್ನು ಕೊಟ್ಟೆವು. ಅದು ತೆರೆಯಲೇ ಇಲ್ಲ. ಹವಾಮಾನದ ಸುದ್ದಿಯನ್ನು ತರುವದಕ್ಕಾಗಿ ನೆಟ್‌ವರ್ಕನ್ನು ಕಾಯುತ್ತಾ ನಿಂತುಬಿಟ್ಟಿತು. "ಇಲ್ಲಿ ಸಿಗ್ನಲ್ ಬೇಕಾದರೆ ಮರದ ತುದಿಗೆ ಹೋಗಬೇಕು ಮಗಳೇ" ಎಂದು ಅವರು ಹೇಳಿದರು. ಶಾಲೆಯ ಪ್ರಯೋಗಶಾಲೆಯಲ್ಲಿ ಇಲ್ಲದ ದೋಷವು ತೋಟದಲ್ಲಿ ಕಾಣಿಸಿತು. ಅವರ ಕೈಗಳು ಒದ್ದೆಯಾಗಿದ್ದವು, ಬೆರಳುಗಳು ಮೈಲುತುತ್ತಿನಿಂದ ನೀಲಿಯಾಗಿದ್ದವು. ಚಿಕ್ಕ ಗುಂಡಿಗಳನ್ನು ಒತ್ತಿದರೆ ಒಂದರ ಬದಲು ಇನ್ನೊಂದು ಒತ್ತಿಹೋಗುತ್ತಿತ್ತು. ಪರೀಕ್ಷೆಯನ್ನು ಕೆಲಸ ನಡೆಯುವ ಸ್ಥಳದಲ್ಲಿಯೇ ಮಾಡಬೇಕೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭಾಷೆಯ ವಿಷಯದಲ್ಲಿಯೂ ಹುಡುಗಿಯರು ಕಲಿತರು. ಪಾಠಪುಸ್ತಕವನ್ನನುಸರಿಸಿ 'ತಾಮ್ರದ ಸಲ್ಫೇಟು', 'ಶೇಕಡಾ ಸಾಂದ್ರತೆ' ಎಂದು ಬರೆದಿದ್ದರು. ಒಬ್ಬ ಅಜ್ಜಿಯು, "ಇದು ಎಂತದ್ದು? ಮೈಲುತುತ್ತು ಎಲ್ಲುಂಟು?" ಎಂದು ಕೇಳಿದರು. ಮನೆಯಲ್ಲಿ ತುಳುವನ್ನೋ ಸುಳ್ಯದ ಕಡೆಯ ಅರೆಭಾಷೆಯನ್ನೋ ಆಡಿ, ಶಾಲೆಯ ಕನ್ನಡವನ್ನು ನಿಧಾನವಾಗಿ ಓದುವವರಿಗೆ ಪುಸ್ತಕದ ಶಬ್ದವು ಇನ್ನೂ ದೂರ. ಸಾಧನವು ಬಳಸುವವರ ರೂಢಿಯನ್ನು ಹಿಂಬಾಲಿಸಿದಾಗ ಎಷ್ಟು ಉಪಕಾರವಾಗುವದೆಂಬದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಉದಾಹರಣೆಯುಂಟು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡವನ್ನು ನಾವು ಉಚ್ಚರಿಸುವ ಕ್ರಮದಲ್ಲಿಯೇ ಸಾಧಾರಣ ಕೀಲಿಮಣೆಯಿಂದ ಬರೆಯುವ ವಿನ್ಯಾಸವನ್ನು ರಚಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ 'ಸೇಡಿಯಾಪು' ಎಂದು ಹೆಸರಿಟ್ಟರು. ಅನಂತರ ಬಂದ 'ನುಡಿ' ತಂತ್ರಾಂಶದ ಕೀಲಿಮಣೆಯೂ ಆ ವಿನ್ಯಾಸವನ್ನೇ ಆಧರಿಸಿದೆ.

ಅತ್ಯಂತ ಬೆಲೆಯುಳ್ಳ ತಿದ್ದುಪಡಿಯನ್ನು ಕೊಟ್ಟವರು ಅದೇ ಸುಳ್ಯದ ವೃದ್ಧರು. ನಾವು ಎರಡನೆಯ ಸಲ ಹೋದಾಗ ಅವರು, "ನಿಮ್ಮ ಲೆಕ್ಕ ಸರಿ, ಸುಣ್ಣ ಸರಿಯುಂಟೋ ಎಂದು ನಿಮ್ಮ ಮೊಬೈಲಿಗೆ ಗೊತ್ತುಂಟೋ?" ಎಂದು ಕೇಳಿದರು. ಚೀಲದಲ್ಲಿ ಬಹುದಿನ ಇದ್ದು ಹವೆಯ ತೇವವನ್ನು ಹೀರಿದ ಸುಣ್ಣಕ್ಕೆ ಶಕ್ತಿ ಕಡಿಮೆ. ತೂಕದಲ್ಲಿ ಒಂದು ಕಿಲೋ ಇದ್ದರೂ ಕೆಲಸದಲ್ಲಿ ಅಷ್ಟಿಲ್ಲ. ಸುಣ್ಣ ಸಾಲದಿದ್ದರೆ ಉಳಿದ ತಾಮ್ರವು ಎಳೆಯ ಕಾಯಿಯನ್ನೂ ಎಲೆಯನ್ನೂ ಸುಡುವದು. ಅದಕ್ಕಾಗಿ ಹಳಬರು ಶುಭ್ರವಾದ ಕಬ್ಬಿಣದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುವರು. ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನೂ ಸುಣ್ಣದ ನೀರನ್ನು ಸೇರಿಸಬೇಕು. ಬಣ್ಣ ಬಾರದಿದ್ದರೆ ಮದ್ದು ಸರಿಯಾಗಿದೆ. ಇದು ರಸಾಯನಶಾಸ್ತ್ರಕ್ಕೆ ಒಪ್ಪುವ ಪರೀಕ್ಷೆಯೇ. ಕಬ್ಬಿಣವು ದ್ರಾವಣದಲ್ಲಿರುವ ತಾಮ್ರವನ್ನು ಹೊರಗೆ ತಳ್ಳುವದನ್ನು ನಮ್ಮ ಹುಡುಗಿಯರು ಪ್ರಯೋಗಶಾಲೆಯಲ್ಲಿ ಮೊದಲೇ ಕಂಡಿದ್ದರು. ಆದರೆ ಅದನ್ನು ತೋಟಕ್ಕೆ ಜೋಡಿಸಿ ಯೋಚಿಸಿರಲಿಲ್ಲ.

೫. ತಿದ್ದುವ ಬಗೆ

ಹೀಗೆ ಸಂಗ್ರಹವಾದ ಮಾತುಗಳನ್ನೆಲ್ಲಾ ಒಟ್ಟುಗೂಡಿಸಿ ಮೂರು ಭಾಗ ಮಾಡಿದೆವು. ಹಾನಿ ಮಾಡತಕ್ಕವುಗಳು, ಕೆಲಸಕ್ಕೆ ಅಡ್ಡಿಯಾಗುವವುಗಳು, ಕಣ್ಣಿಗೆ ಹಿತವಿಲ್ಲದವುಗಳು. ಬಣ್ಣವನ್ನು ಬದಲಿಸುವದು ಸುಲಭವಾದುದರಿಂದ ಹುಡುಗಿಯರಿಗೆ ಅದನ್ನೇ ಮೊದಲು ಮಾಡಬೇಕೆಂಬ ಆತುರವಿತ್ತು. ಹಾನಿಯ ಪಟ್ಟಿ ಮುಗಿಯುವ ತನಕ ಬಣ್ಣವನ್ನು ಮುಟ್ಟಬಾರದೆಂದು ವಿಧಿಸಿದೆವು. ಅಂಕೆಯನ್ನು ಬರೆಯುವ ಚೌಕವನ್ನು ತೆಗೆದು ಬ್ಯಾರೆಲಿನ ಚಿತ್ರವನ್ನು ಇಟ್ಟರು. ಎಷ್ಟು ಸಲ ಮುಟ್ಟಿದರೆ ಅಷ್ಟು ಬ್ಯಾರೆಲ್. ಉತ್ತರದ ಮೇಲೆ "೪೦೦ ಲೀಟರ್ ನೀರಿಗೆ" ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ಹವಾಮಾನದ ಸುದ್ದಿಯನ್ನು ಬಿಟ್ಟು, ನೆಟ್‌ವರ್ಕ್ ಇಲ್ಲದೆಯೇ ತಂತ್ರಾಂಶವು ನಡೆಯುವಂತೆ ಮಾಡಿದರು. ಮುಂದಿನ ಸಿಂಪಡಣೆಗೆ ಒಂದೇ ದಿವಸವನ್ನು ಹೇಳದೆ, "ಈ ದಿವಸದಿಂದ ಈ ದಿವಸದ ಒಳಗೆ, ಮಳೆ ಬಿಟ್ಟಾಗ" ಎಂದು ತಿಳಿಸಿದರು. ಕೊನೆಯಲ್ಲಿ ಕತ್ತಿಯ ಅಲಗಿನ ಪರೀಕ್ಷೆಯನ್ನು ಚಿತ್ರಸಹಿತ ಸೇರಿಸಿದರು. ಪ್ರಮಾಣದ ಅಂಕೆಗಳನ್ನು ಮಾತ್ರ ಯಾರ ಮಾತಿನ ಮೇಲೂ ಬದಲಿಸಲಿಲ್ಲ. ಅಂಥವುಗಳನ್ನು ವಿಟ್ಲದ ಸಂಶೋಧನಾ ಕೇಂದ್ರದಂಥ ತಜ್ಞರ ಸ್ಥಳಗಳ ಸಲಹೆಯೊಂದಿಗೆ ಹೋಲಿಸಿಯೇ ಇಡತಕ್ಕದ್ದು.

ಬಂದ ಸಲಹೆಗಳನ್ನೆಲ್ಲಾ ಸ್ವೀಕರಿಸಬೇಕೆಂದಿಲ್ಲ. ಅಡಿಕೆಯ ಧಾರಣೆಯನ್ನು ತೋರಿಸಬೇಕೆಂದು ಒಬ್ಬರು, ಹಾಡು ಕೇಳುವಂತಿರಬೇಕೆಂದು ಒಬ್ಬರು ಹೇಳಿದರು. ಜನರು ಹೇಳುವ ಪರಿಹಾರವನ್ನಲ್ಲ, ಅವರ ಕಷ್ಟವನ್ನು ಕೇಳಿಸಿಕೊಳ್ಳಬೇಕು. ಅಕ್ಷರ ದೊಡ್ಡದಾಗಲಿ ಎಂದವರ ನಿಜವಾದ ಕಷ್ಟವು ಬಿಸಿಲಿನಲ್ಲಿ ಪರದೆ ಕಾಣದಿರುವದಾಗಿತ್ತು. ಅದಕ್ಕೆ ಬಿಳಿಯ ಮೇಲೆ ದಪ್ಪ ಕಪ್ಪಕ್ಷರವೇ ಪರಿಹಾರವಾಯಿತು.

ತಿದ್ದಿದ ಮಾದರಿಯನ್ನು ಹೊಸಬರ ಮುಂದೆ ಇಟ್ಟೆವು. ಹಳಬರು ದಾರಿಯನ್ನು ಆಗಲೇ ಕಲಿತಿರುವರಾದುದರಿಂದ ಅವರ ಪರೀಕ್ಷೆಯು ಸಾಲದು. ಆಗ ಹೊಸ ದೋಷವೊಂದು ಹೊರಟಿತು. ಒಂದು ಮನೆಯಲ್ಲಿ ಬ್ಯಾರೆಲ್ ಎಂದರೆ ಇನ್ನೂರು ಲೀಟರಿನದ್ದಲ್ಲ, ನೂರು ಲೀಟರಿನದ್ದು! ತಂತ್ರಾಂಶವು ಅವರಿಗೆ ಎರಡರಷ್ಟು ಮೈಲುತುತ್ತನ್ನು ಹೇಳಿತ್ತು. ಒಂದು ತಪ್ಪನ್ನು ತಿದ್ದಿದ ಕೈಯೇ ಇನ್ನೊಂದನ್ನು ಒಳಗೆ ಬಿಟ್ಟಿತ್ತು. ಮೊದಲ ಸಲ ತೆರೆದಾಗ, "ನಿಮ್ಮ ಮನೆಯ ಬ್ಯಾರೆಲಿಗೆ ಎಷ್ಟು ಕೊಡ ನೀರು ಹಿಡಿಯುತ್ತದೆ, ಕೊಡ ಎಷ್ಟು ಲೀಟರಿನದ್ದು?" ಎಂದು ಕೇಳಿ ನೆನಪಿನಲ್ಲಿಟ್ಟುಕೊಳ್ಳುವಂತೆ ಮೂರನೆಯ ರೂಪವನ್ನು ರಚಿಸಬೇಕಾಯಿತು.

ಇದರಿಂದ ಹುಡುಗಿಯರು ಕುಗ್ಗಿದಾಗ ನಾವು ಅವರಿಗೆ ಹೇಳಿದ ಕಥೆ ಇದು. ೧೯೮೪ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ ಕ್ರೀಡೆಗಳಿಗಾಗಿ ಐಬಿಎಮ್ ಸಂಸ್ಥೆಯವರು ಕ್ರೀಡಾಳುಗಳು ಧ್ವನಿಯ ಸಂದೇಶಗಳನ್ನು ಕಳುಹಿಸುವ ಯಂತ್ರವನ್ನು ಮಾಡಿದರು. ಅದರ ಮುಖ್ಯಸ್ಥನು ಮೇಲೆ ಹೇಳಿದ ಗೂಲ್ಡನೇ. ಅವರು ಮೊದಲು ಕಾಗದದ ಮೇಲೆ ಬರೆದು ತೋರಿಸಿದರು. ಒಳಗೆ ಯಂತ್ರವಿಲ್ಲದ ಬರಿಯ ಆಕೃತಿಯನ್ನು ಜನರು ನಡೆದಾಡುವ ಸ್ಥಳದಲ್ಲಿಟ್ಟು ಬಂದುಹೋಗುವವರ ಮಾತನ್ನು ಕೇಳಿದರು. ಕಡೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದು, ಸಾಧ್ಯವಾದರೆ ಇದನ್ನು ಕೆಡಿಸಿರೆಂದು ಆಹ್ವಾನಿಸಿದರು. ಅಷ್ಟು ದೊಡ್ಡ ಸಂಸ್ಥೆಯವರೇ ಪುನಃ ಪುನಃ ತಿದ್ದಿದ ಮೇಲೆ ನಮ್ಮ ಮೂರನೆಯ ರೂಪಕ್ಕಾಗಿ ನಾಚಿಕೆಪಡುವದೇಕೆ?

ಪ್ರಿಯ ವಿದ್ಯಾರ್ಥಿನಿಯರೇ, ನೀವು ಮುಂದೆ ತಂತ್ರಾಂಶವನ್ನೇ ರಚಿಸಿರಿ, ಬಟ್ಟೆಯನ್ನೇ ಹೊಲಿಯಿರಿ, ಪಾಠವನ್ನೇ ಹೇಳಿರಿ, ಬಳಸುವವರ ಎದುರಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಿರಿ. ಅವರು ಎಡವಿದಲ್ಲಿ ಅವರನ್ನು ತಿದ್ದಲು ಹೋಗದೆ ನಿಮ್ಮ ಕೆಲಸವನ್ನು ತಿದ್ದಿರಿ. ಆ ನಾಲ್ವರ ಟಿಪ್ಪಣಿಯ ಪುಸ್ತಕವು ಶಾಲೆಯ ವಾಚನಾಲಯದಲ್ಲಿದೆ. ಬೇಕಾದವರು ತೆಗೆದು ಓದಬಹುದು. ಅದರ ಮೊದಲನೆಯ ಪುಟದಲ್ಲಿ, ಎರಡು ಬ್ಯಾರೆಲಿನ ವಿಷಯದಲ್ಲಿ ನಾವು ಬರೆಸಿದ 'ಚಿಕ್ಕ ದೋಷ' ಎಂಬ ಮಾತನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ 'ದೊಡ್ಡದು' ಎಂದು ಬರೆದಿದೆ. ಆ ಕೆಂಪಕ್ಷರವು ನಮ್ಮದು.